ಎಲೆ ನೋಡುವ ಕಣ್ಣು ಯಾರದು?

ಹೊಸೂರಿನಿಂದ ಅತ್ತಿಬೆಲೆಗೆ ಹೋಗುವ ದಾರಿಯಲ್ಲಿ, ಗಡಿಗೆ ಅಂಟಿಕೊಂಡಂತೆ ಜೂಜುವಾಡಿ ಇದೆ. ಹೆಸರಿನ ಮೂಲ ಏನೇ ಇರಲಿ, 2025ರಲ್ಲಿ ಕೆಲವು ತಿಂಗಳ ಕಾಲ ಆ ಹೆಸರು ಊರಿಗೆ ಚೆನ್ನಾಗಿಯೇ ಒಪ್ಪಿತ್ತು. ಫೋನಿನಲ್ಲಿ ಹಣ ಕಟ್ಟಿ ಪೋಕರ್, ರಮ್ಮಿ ಆಡುವವರಿಗೆ ಗಡಿಯ ಈಚೆ ಒಂದು ನಿಯಮ, ಆಚೆ ಇನ್ನೊಂದು.

ಆ ವರ್ಷ ಫೆಬ್ರವರಿಯಲ್ಲಿ ತಮಿಳುನಾಡು ಆನ್‌ಲೈನ್ ಗೇಮಿಂಗ್ ಪ್ರಾಧಿಕಾರದ ನಿಯಮಗಳು ಬಂದವು. ಮಧ್ಯರಾತ್ರಿಯಿಂದ ಬೆಳಗಿನ 5 ಗಂಟೆವರೆಗೆ ಆಟಕ್ಕೆ ಬೀಗ. ಒಳಗೆ ಹೋಗಲು ಆಧಾರ್, ಅದರ ಮೇಲೆ ಒಟಿಪಿ. ಒಂದು ಗಂಟೆ ಮೀರಿ ಆಡಿದರೆ ಅರ್ಧ ಗಂಟೆಗೊಮ್ಮೆ ಪರದೆಯ ಮೇಲೆ ಎಚ್ಚರಿಕೆ. ಕರ್ನಾಟಕದಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತ್ತು. ರಾತ್ರಿ ಒಂದು ಗಂಟೆಗೆ ಹೊಸೂರಿನಲ್ಲಿ ಆಡಬಾರದ ಆಟವನ್ನು ಅತ್ತಿಬೆಲೆಯಲ್ಲಿ ಆಡಬಹುದಿತ್ತು.

ಕಂಪೆನಿಗಳೂ ಆಟಗಾರರ ಪರ ಸಂಘವೂ ಮದ್ರಾಸ್ ಹೈಕೋರ್ಟಿಗೆ ಹೋದವು. ಆಧಾರ್ ಕೇಳುವುದು ಖಾಸಗಿತನಕ್ಕೆ ಧಕ್ಕೆ ಎಂಬುದು ಅವರ ಮುಖ್ಯ ವಾದಗಳಲ್ಲೊಂದು. ಖಾಸಗಿತನದ ಹಕ್ಕಿಗೂ ಮಿತಿಯುಂಟು ಎಂದು ಹೇಳಿ ಕೋರ್ಟು ಜೂನ್ 3ರಂದು ನಿಯಮಗಳನ್ನು ಎತ್ತಿಹಿಡಿಯಿತು.

ಆಟಗಾರರ ಮುಜುಗರವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಎಲೆ ಮುಚ್ಚಿಟ್ಟುಕೊಳ್ಳುವುದೇ ಪೋಕರಿನ ಜೀವ. 1999ರಲ್ಲಿ ಬ್ರಿಟನ್ನಿನ ಟಿವಿಯೊಂದು ಗಾಜಿನ ಮೇಜಿನ ಅಡಿಯಿಂದ ಆಟಗಾರರ ಎಲೆಗಳನ್ನು ತೋರಿಸಿತು. ನೋಡುವವರಿಗೆ ಖುಷಿಯೋ ಖುಷಿ. ಆದರೆ ಇಂಥ ಕ್ಯಾಮೆರಾಗಳು ಬಂದಾಗ ನುರಿತವರಲ್ಲಿ ಕೆಲವರಿಗೆ ತಮ್ಮ ಪಟ್ಟು ಎದುರಾಳಿಗೆ ಗೊತ್ತಾಗುತ್ತದೆಂಬ ಅಳುಕು ಹುಟ್ಟಿತು. 2007ರಲ್ಲಿ ಅಬ್ಸಲ್ಯೂಟ್ ಪೋಕರ್ ಎಂಬ ವಿದೇಶಿ ತಾಣದಲ್ಲಿ ಒಳಗಿನವರ ಕೈವಾಡವೇ ಬಯಲಾಯಿತು: ಒಂದು ಖಾತೆಗೆ ಎಲ್ಲರ ಎಲೆಯೂ ಕಾಣುತ್ತಿತ್ತು. ಅದನ್ನು ಪತ್ತೆ ಮಾಡಿದ್ದು ಪೊಲೀಸರಲ್ಲ, ಆಟದ ದಾಖಲೆಗಳನ್ನು ಒಂದೊಂದಾಗಿ ಕೂತು ಜಾಲಾಡಿದ ಆಟಗಾರರೇ.

ಸರ್ಕಾರ ನೋಡಿದರೆ ಸಿಟ್ಟಾಗುವವರು ಕಂಪೆನಿ ನೋಡುವುದನ್ನು ಮರೆತುಬಿಡುತ್ತಾರೆ. ಎಷ್ಟು ಹೊತ್ತು ಆಡಿದಿರಿ, ಎಷ್ಟು ಸೋತಿರಿ, ಸೋತ ಮೇಲೆ ಎಷ್ಟು ಬೇಗ ಮತ್ತೆ ಹಣ ಹಾಕಿದಿರಿ, ಎಲ್ಲ ಲೆಕ್ಕವೂ ಅದರ ಕೈಯಲ್ಲಿದೆ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ 30 ತೆರಿಗೆ ಮುರಿದುಕೊಳ್ಳುತ್ತಿದ್ದುದೂ ಅದೇ.

ಇನ್ನು ಮನೆಯವರ ಕಣ್ಣು. ಹಬ್ಬದ ರಾತ್ರಿ ಜಗಲಿಯ ಮೇಲೆ ಇಸ್ಪೀಟು ಆಡಿದವರಿಗೆ ಗೊತ್ತು, ಬೆನ್ನ ಹಿಂದೆ ಕೂತು ಎಲೆ ನೋಡುವವನೊಬ್ಬ ಇದ್ದೇ ಇರುತ್ತಾನೆ. ನೋಡಲಿ, ಬಾಯಿ ಬಿಡಬಾರದು ಅಷ್ಟೆ! ಒಳಗಿನಿಂದ ಅಜ್ಜಿ ಕೆಮ್ಮಿದರೆ ಆಟ ಮುಗಿಯುವ ಹೊತ್ತಾಯಿತೆಂದು ಅರ್ಥ. ಆ ನೋಟಕ್ಕೆ ಯಾರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಈಗ ಸಿಪ್ಕಾಟಿನಲ್ಲಿ ಎರಡನೇ ಪಾಳಿ ಮುಗಿಸಿ ಬಂದ ಹುಡುಗ ಹೊದಿಕೆಯೊಳಗೆ ಫೋನು ಹಿಡಿದು ಮಲಗಿದರೆ ಪಕ್ಕದಲ್ಲಿರುವವರಿಗೂ ಗೊತ್ತಾಗದು. ಸಾಲಗಾರ ಬಾಗಿಲಿಗೆ ಬಂದಾಗಲೇ ಮನೆಗೆ ಸುದ್ದಿ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ದೊಡ್ಡ ಕಂಪೆನಿಗಳು ಆ ವಾರವೇ ಹಣದಾಟ ನಿಲ್ಲಿಸಿದವು. ಕಾನೂನನ್ನು ಪ್ರಶ್ನಿಸಿ ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟುಗಳಲ್ಲಿ ಹೂಡಿದ್ದ ಅರ್ಜಿಗಳನ್ನು ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತನ್ನ ಮುಂದಕ್ಕೆ ತರಿಸಿಕೊಂಡಿತು.

ನಮ್ಮ ಆತಂಕ ಇರುವುದು ವಿದೇಶಿ ತಾಣಗಳ ಬಗ್ಗೆ. ಅಲ್ಲಿ ಆಧಾರ್ ಬೇಡ, ಎಚ್ಚರಿಕೆ ಇಲ್ಲ, ರಾತ್ರಿಯ ಬೀಗವೂ ಇಲ್ಲ. ಯಾರೂ ನೋಡುತ್ತಿಲ್ಲವೆಂದು ಆಟಗಾರನಿಗೆ ಹಾಯೆನಿಸಬಹುದು. ಆದರೆ ಅವನ ಎಲೆಯನ್ನು ಅಲ್ಲಿ ಯಾರು ನೋಡುತ್ತಿದ್ದಾರೆ ಎಂದು ಕೇಳಲು ಕಚೇರಿಯೂ ಇಲ್ಲ, ಕೋರ್ಟೂ ಇಲ್ಲ.

ಕೇಂದ್ರದ ಈ ಕಾನೂನಿನಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ, ಆಡಿದವರಿಗಲ್ಲ. ಸಿಕ್ಕಿಬೀಳುವ ಭಯದಿಂದ ಬಾಯಿ ಮುಚ್ಚಿಕೊಂಡಿರುವವರಿಗೆ ಸದಸ್ಯರು ಇದನ್ನು ತಿಳಿಸಬೇಕು. ಮೋಸದಲ್ಲಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.