ಮುತವಲ್ಲಿಗಳೇ, ವಾರಸುದಾರರು ಬಾಗಿಲಲ್ಲಿದ್ದಾರೆ

‘ವಿರಾಸತ್’ ಎಂಬ ಉರ್ದು ಪದವನ್ನು ನಮ್ಮ ಜಿಲ್ಲೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಅದನ್ನು ತುಳು ಮನೆಗಳ ಬಾಯಿಗೂ ತಂದಿದೆ. ಹಿರಿಯರಿಂದ ವಾರಸುದಾರರಿಗೆ ಬರುವ ಪಾಲು ಎಂದು ಅದರ ಅರ್ಥ. ಪಾಲು ಎಂದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು: ವಾರಸುದಾರರು ಯಾರು?

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ವಿಷಯದಲ್ಲಿ ನಾವು ಈ ಪ್ರಶ್ನೆ ಕೇಳುತ್ತಿದ್ದೇವೆ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಪ್ಯಾರಿಸ್ ಕಂಡು, 1996ರಲ್ಲಿ ತೀರಿಕೊಂಡ ದೊಡ್ಡ ಚಿತ್ರಕಾರ ಅವರು. ಅವರ ಕೃತಿಗಳನ್ನು ಕಾಪಾಡಿದವರ ಕೆಲಸ ಸಣ್ಣದಲ್ಲ. ಅವರ ಹೆಸರಿನ ಪ್ರತಿಷ್ಠಾನ ಎಳೆಯ ಕಲಾವಿದರಿಗೆ ನೆರವಾಗಿದೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಕೃತಿಗಳಿವೆ. ಚಿತ್ರಕಾರ ಸತ್ತೊಡನೆ ಅವನ ಕ್ಯಾನ್ವಾಸುಗಳು ಗೆದ್ದಲಿನ ಪಾಲಾಗುವ ದೇಶದಲ್ಲಿ ಇದಕ್ಕೆ ಶುಕ್ರಿಯಾ ಹೇಳಲೇಬೇಕು. ಹೇಳಿದ್ದೇವೆ. ಇನ್ನು ತಕರಾರಿಗೆ ಬರೋಣ.

ವಕ್ಫ್ ಆಸ್ತಿಗೆ ಒಬ್ಬ ಮುತವಲ್ಲಿ ಇರುತ್ತಾನೆ. ಕಾಯುವುದು ಅವನ ಕೆಲಸ, ಆಸ್ತಿ ಅವನದಲ್ಲ. ಕಾಲ ಕಳೆದಂತೆ ಬೀಗದ ಕೈ ಸೊಂಟದಲ್ಲಿರುವವನೇ ಯಜಮಾನನಂತೆ ಕಾಣತೊಡಗುವುದನ್ನು ನಾವು ನಮ್ಮ ಜಮಾತುಗಳಲ್ಲೇ ನೋಡಿ ಸುಸ್ತಾಗಿದ್ದೇವೆ. ಕಲೆಯ ಲೋಕದ ತಜ್ಞರೂ ಮುತವಲ್ಲಿಗಳೇ. ಹೆಬ್ಬಾರರ ಬಗ್ಗೆ ಅವರಾಡಿದ ಬಹುಪಾಲು ಮಾತು ಇಂಗ್ಲಿಷಿನಲ್ಲಿದೆ. ಅದನ್ನು ಕೇಳುವವರು ಮುಂಬೈ, ದೆಹಲಿಯ ಸಂಗ್ರಾಹಕರು. ಆದರೆ ಆ ರೇಖೆ ಹುಟ್ಟಿದ್ದು ಎಲ್ಲಿ? ಯಕ್ಷಗಾನದ ರಂಗಸ್ಥಳ, ಭೂತದ ಕೋಲ, ಕೋಳಿ ಅಂಕ, ಗದ್ದೆಯಲ್ಲಿ ಬಗ್ಗಿದ ಬೆನ್ನುಗಳ ನಡುವೆಯೇ ಅಲ್ಲವೇ? 1964ರಲ್ಲಿ ಅವರ ರೇಖಾಚಿತ್ರಗಳ ಪುಸ್ತಕ ‘ದಿ ಸಿಂಗಿಂಗ್ ಲೈನ್’ ಎಂಬ ಹೆಸರಿನಲ್ಲಿ ಬಂತು. ಹಾಡುವ ಆ ರೇಖೆಗೆ ರಾಗ ಕೊಟ್ಟವರು ನಮ್ಮ ಊರಿನವರು. ಬಂಟ್ವಾಳದಲ್ಲಿ ಬೀಡಿ ಕಟ್ಟುವ ತಾಯಿಯ ಮಗಳಿಗೆ ಹೆಬ್ಬಾರರ ಹೆಸರಾದರೂ ಗೊತ್ತಿದೆಯೇ? ಬೆಳ್ತಂಗಡಿಯ ಘಟ್ಟದ ಬುಡದಿಂದ ಮಣಿಪಾಲಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಕಳೆದುಕೊಂಡು, ಮೇಲಿಂದ ಬಸ್ಸಿನ ಖರ್ಚು.

ಮೂಲಕೃತಿಗಳಿಗೆ ಮಳೆಗಾಲದ ತೇವ ತಾಗಬಾರದು, ಊರೂರು ಒಯ್ಯಲಾಗದು ಎಂದು ತಜ್ಞರು ಹೇಳಿಯಾರು. ನಿಜ. ನಾವು ಮೂಲಕೃತಿ ಕೇಳುತ್ತಿಲ್ಲ. ಒಳ್ಳೆಯ ಅಚ್ಚಿನ ಪ್ರತಿ, ಜೊತೆಗೆ ನಾಲ್ಕು ಸಾಲು ಸರಳ ಕನ್ನಡ ಸಾಕು. ಸರಕಾರಿ ಶಾಲೆಯ ಗೋಡೆಗೆ, ಪಂಚಾಯತ್ ಗ್ರಂಥಾಲಯಕ್ಕೆ ವಿಮೆಯ ಚಿಂತೆಯಿಲ್ಲ. ಆಳ್ವಾಸ್‌ನವರು ಚಿತ್ರಸಿರಿ ಶಿಬಿರ ಮಾಡಿ ದೊಡ್ಡ ಕಲಾವಿದರನ್ನು ಮೂಡುಬಿದಿರೆಗೆ ಕರೆಸಿದ್ದಾರಲ್ಲ? ಹಾಗೆ ಬರುವ ಕಲಾವಿದರಲ್ಲಿ ಒಬ್ಬರು ಒಂದು ಮಧ್ಯಾಹ್ನವನ್ನು ಹಳ್ಳಿಯ ಶಾಲೆಗೆ ಕೊಟ್ಟರೆ ಏನು ನಷ್ಟ?

ಇದೇನು ಶ್ರೀಮಂತರ ಶೋಕಿಯ ಮಾತಲ್ಲ. ನಮ್ಮ ಮೂರೂ ತಾಲೂಕುಗಳ ಮಕ್ಕಳು ದಿನಾ ನೋಡುವ ಚಿತ್ರ ಯಾವುದು? ಜಂಕ್ಷನ್ನಿನ ಫ್ಲೆಕ್ಸ್! ಅದರಲ್ಲಿ ಹಲ್ಲು ಕಿಸಿಯುವ ಮುಖಂಡರು, ಸಿಟ್ಟಿಗೆದ್ದ ದೇವರುಗಳು. ಬ್ರಶ್ಶು ಹಿಡಿದು ಬೋರ್ಡು ಬರೆಯುತ್ತಿದ್ದವರು ಕೆಲಸ ಕಳೆದುಕೊಂಡರು. ಮುಂಬೈಯಲ್ಲಿ ಹಾಗೆಯೇ ಸಿನಿಮಾ ಬೋರ್ಡು ಬರೆದು ಬೆಳೆದವರು ಎಂ.ಎಫ್. ಹುಸೇನ್. ವಿಠ್ಠಲನ ಪಂಢರಪುರದಲ್ಲಿ ಹುಟ್ಟಿ, ರಾಮಾಯಣದ ಚಿತ್ರಮಾಲೆ ಬರೆದ ಆ ಮನುಷ್ಯ 2006ರಲ್ಲಿ ದೇಶ ಬಿಟ್ಟರು, 2011ರಲ್ಲಿ ಲಂಡನ್ನಿನಲ್ಲಿ ಸತ್ತರು. 2008ರಲ್ಲಿ ದೆಹಲಿಯ ಕಲಾ ಮೇಳವೊಂದು ಭದ್ರತೆಯ ನೆಪದಲ್ಲಿ ಅವರ ಚಿತ್ರಗಳನ್ನೇ ಹೊರಗಿಟ್ಟಿತು. 2025ರಲ್ಲಿ ಅವರ ಒಂದು ಚಿತ್ರ ನ್ಯೂಯಾರ್ಕಿನಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಹರಾಜಾಯಿತು. ಅದೇ ವರ್ಷ ಅವರ ಮ್ಯೂಸಿಯಂ ದೋಹಾದಲ್ಲಿ ತೆರೆಯಿತು. ಕ್ಯಾನ್ವಾಸು ಉಳಿಸುವ ತಜ್ಞರು ಸಿಗುತ್ತಾರೆ. ಆದರೆ ಚಿತ್ರ ನೋಡಬಲ್ಲ ಕಣ್ಣುಗಳನ್ನು ಬೆಳೆಸದಿದ್ದರೆ ಚಿತ್ರಕಾರನಿಗೆ ತನ್ನ ಊರೇ ಉಳಿಯುವುದಿಲ್ಲ.

ಇನ್ನು ನಮ್ಮ ಮಾತು. ಚಿತ್ರವೆಂದರೆ ಹರಾಮು ಎಂದು ಒಂದೇ ಏಟಿಗೆ ಮಕ್ಕಳ ಡ್ರಾಯಿಂಗ್ ಪುಸ್ತಕ ಕಿತ್ತುಕೊಳ್ಳುವ ಮನೆಗಳು ನಮ್ಮಲ್ಲಿವೆ. ಇಬ್ರಾಹಿಂ ಆದಿಲ್ ಶಾಹನ ಬಿಜಾಪುರದ ದರ್ಬಾರಿನಲ್ಲಿ ಚಿತ್ರಕಾರರಿಗೆ ಮರ್ಯಾದೆಯಿತ್ತು ಎಂಬುದನ್ನು ಆ ಮಕ್ಕಳಿಗೆ ಹೇಳುವವರಿಲ್ಲ. ಹೆಬ್ಬಾರರು ‘ಅವರವರು’, ಹುಸೇನ್ ‘ನಮ್ಮವರು’ ಎಂದು ಪಾಲು ಮಾಡಿಕೊಳ್ಳುವವರೂ ಇದ್ದಾರೆ. ಹಾಗೆ ಹಂಚಿಕೊಂಡರೆ ಇಬ್ಬರನ್ನೂ ಕಳೆದುಕೊಂಡಂತೆ. ಕೋಳಿ ಅಂಕದ ಸುತ್ತ ನಿಂತ ಜನರ ಜಾತಿಯನ್ನು ಹೆಬ್ಬಾರರ ರೇಖೆ ಕೇಳಲಿಲ್ಲ.

ಅನಾಥನ ಆಸ್ತಿ ಕಾಯುವವನು, ಆ ಮಗು ಪ್ರಾಯಕ್ಕೆ ಬಂದಾಗ ಸಾಕ್ಷಿಗಳ ಎದುರು ಲೆಕ್ಕ ಒಪ್ಪಿಸಬೇಕು ಎಂದು ನಮಗೆ ಮದ್ರಸದಲ್ಲಿ ಕಲಿಸಿದ್ದರು. ತಜ್ಞರೇ, ನೀವು ಚೆನ್ನಾಗಿ ಕಾದಿದ್ದೀರಿ. ಮಕ್ಕಳು ಪ್ರಾಯಕ್ಕೆ ಬಂದಿದ್ದಾರೆ. ಇನ್ನು ಲೆಕ್ಕ ಒಪ್ಪಿಸಿ.