ಷಾರ್ತ್ರ್ ದೇವಾಲಯದ ಬೆಳಕು

ಫ್ರಾನ್ಸ್ ದೇಶದ ಷಾರ್ತ್ರ್ ಪಟ್ಟಣದಲ್ಲಿ ಏಸುವಿನ ತಾಯಿಯಾದ ಮೇರಿಗೆ ಅರ್ಪಿತವಾದ ಮಹಾದೇವಾಲಯವೊಂದುಂಟು. 1194ರಲ್ಲಿ ಹಳೆಯ ಕಟ್ಟಡವು ಅಗ್ನಿಗೆ ಆಹುತಿಯಾಗಲು, ಪಶ್ಚಿಮದ್ವಾರವೇ ಮೊದಲಾದ ಕೆಲವು ಭಾಗಗಳನ್ನುಳಿದು ಮಿಕ್ಕುದನ್ನೆಲ್ಲ ಗಾಥಿಕ್ ಶೈಲಿಯಲ್ಲಿ ಹೊಸತಾಗಿ ಕಟ್ಟಿ, 1260ರಲ್ಲಿ ಪ್ರತಿಷ್ಠೆ ನೆರವೇರಿಸಿದರು.

ಆ ಹಳೆಯ ಪಶ್ಚಿಮದ್ವಾರದಲ್ಲಿ ವ್ಯಾಕರಣಶಾಸ್ತ್ರವು ಸ್ತ್ರೀರೂಪದಿಂದ ಬೆತ್ತ ಹಿಡಿದು ಕುಳಿತಿದೆ. ಪಾದದ ಬಳಿ ಶಿಷ್ಯರಿಬ್ಬರು. ಒಬ್ಬನು ಓದುತ್ತಿರಲು ಇನ್ನೊಬ್ಬನು ಅವನ ಕೂದಲನ್ನೆಳೆಯುತ್ತಿದ್ದಾನೆ. ಪಾಠಶಾಲೆಯಲ್ಲಿ ಆಯುಸ್ಸು ಕಳೆದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ!

ಒಳಗೆ ಚಾವಣಿಯ ಎತ್ತರ ಸುಮಾರು 120 ಅಡಿ. ದುಂಡುಕಮಾನು ಭಾರವನ್ನು ಬದಿಗೆ ಬಹಳವಾಗಿ ನೂಕುವುದರಿಂದ ಅದಕ್ಕೆ ದಪ್ಪ ಗೋಡೆ ಬೇಕು. ಚೂಪುಕಮಾನು ಭಾರದ ಹೆಚ್ಚಿನ ಪಾಲನ್ನು ಕೆಳಕ್ಕಿಳಿಸುತ್ತದೆ. ಉಳಿದ ಒತ್ತಡವನ್ನು ಹೊರಗೆ ನಿಂತ ಆಸರೆಯ ಕಂಬಗಳು ಅರ್ಧಕಮಾನುಗಳ ತೋಳು ಚಾಚಿ ವಹಿಸಿಕೊಳ್ಳುತ್ತವೆ. ಹೊರೆಯನ್ನು ಹೊರಗಿನವರು ಹೊತ್ತಮೇಲೆ ಗೋಡೆಗೆ ಕೆಲಸವೇನು? ಅದರ ಸ್ಥಾನದಲ್ಲಿ ಬಣ್ಣದ ಗಾಜು ಬಂದಿತು.

ಈ ಗಾಜಿನ ಚಿತ್ರಗಳು ನಿರಕ್ಷರರ ಪುಸ್ತಕವೆಂದು ಹೇಳುವುದು ವಾಡಿಕೆ. ನನಗದು ಪೂರ್ಣವಾಗಿ ಸಮ್ಮತವಲ್ಲ. ಕಥೆಯನ್ನು ಮೊದಲೇ ಕೇಳದವನು ಅಷ್ಟೆತ್ತರದ ಸಣ್ಣ ಸಣ್ಣ ಚಿತ್ರಗಳಿಂದ ಏನನ್ನು ತಿಳಿದಾನು? ಅವನಿಗೆ ಮೊದಲು ದೊರೆಯುವುದು ನೀಲವರ್ಣದ ಬೆಳಕು. ಆ ಬೆಳಕಿಗೂ ಅರ್ಥವುಂಟು: ಸೂರ್ಯಕಿರಣವು ಗಾಜನ್ನು ಒಡೆಯದೆ ಹಾದುಬರುವಂತೆ, ಕನ್ಯತ್ವಕ್ಕೆ ಭಂಗವಿಲ್ಲದೆ ಮೇರಿಯು ಏಸುವನ್ನು ಹೆತ್ತಳೆಂದು ಮಧ್ಯಯುಗದ ಕ್ರೈಸ್ತ ಪಂಡಿತರು ದೃಷ್ಟಾಂತ ಕೊಡುತ್ತಿದ್ದರು. ಮೇರಿಯ ಗುಡಿಯಲ್ಲಿ ಗಾಜೇ ಪ್ರತೀಕವಾಯಿತು.

1939ರಲ್ಲಿ ಯುದ್ಧಭೀತಿಯಿಂದ ಈ ಗಾಜುಗಳನ್ನು ಬಿಚ್ಚಿ, ಪೆಟ್ಟಿಗೆಗಳಲ್ಲಿ ತುಂಬಿ ಸುರಕ್ಷಿತ ಸ್ಥಳಕ್ಕೆ ಸಾಗಿಸಿದರು. ಯುದ್ಧಾನಂತರ ಅವುಗಳನ್ನು ತಂದು ಪುನಃ ಕೂಡಿಸಲಾಯಿತು.