ಇಸಿಜಿ ನಾರ್ಮಲ್ ಬಂತು, ಎದೆ ಡವಡವ ಮಾತ್ರ ನಿಲ್ಲಲಿಲ್ಲ: ಹಾಸನದ ಹೃದಯಾಘಾತ ಭೀತಿ ಬಿಟ್ಟುಹೋದ ಪ್ರಶ್ನೆ

ಹಾಸನ: 2025ರ ಜೂನ್ ಹೊತ್ತಿಗೆ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ. ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ದಿನಾ ಲೆಕ್ಕ ಏರುತ್ತಲೇ ಇತ್ತು. ಜುಲೈ ಶುರುವಾಗುತ್ತಿದ್ದಂತೆ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ಅಕ್ಕಪಕ್ಕದ ಜಿಲ್ಲೆಯವರೂ ಗಾಬರಿ ಬಿದ್ದು ಓಡಿದರು.

ಸರ್ಕಾರ ಆಗಿನ ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಪಟ್ಟವು. ಹಿಂದಿನ ತಿಂಗಳುಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಕಾಣಲಿಲ್ಲ ಎಂದೂ ವರದಿ ಹೇಳಿತು. ಸುದ್ದಿ ಅಲ್ಲಿಗೆ ತಣ್ಣಗಾಯ್ತು.

ಆದರೆ ಕ್ಯೂನಲ್ಲಿ ನಿಂತವರ ಕಥೆ ಏನು? ಹೃದಯದಲ್ಲಿ ತೊಂದರೆ ಕಾಣದವರಿಗೆ ಸಿಗೋ ಉತ್ತರ ಸಾಮಾನ್ಯವಾಗಿ ಒಂದೇ: ‘ಏನೂ ಇಲ್ಲ, ಹೋಗಿ’. ಎದೆ ಹಿಡಿದುಕೊಂಡಿದ್ದು, ಬೆವರಿದ್ದು, ಕೈ ಜುಮ್ಮೆಂದಿದ್ದು ಸುಳ್ಳೇನಲ್ಲ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತೆ, ಹೃದಯ ಜೋರಾಗಿ ಬಡಿಯುತ್ತೆ. ಉಸಿರಾಟ ವೇಗವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತೆ, ತಲೆ ಸುತ್ತುತ್ತೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಅಂತಾರೆ, ಇದಕ್ಕೆ ಚಿಕಿತ್ಸೆ ಇದೆ. ಚಿಕಿತ್ಸೆ ಸಿಗದಿದ್ದರೆ ಅದೇ ಮನುಷ್ಯ ತಿಂಗಳಿಗೊಮ್ಮೆ ಇಸಿಜಿ, ಎಕೋ, ಸ್ಕ್ಯಾನಿಂಗ್ ಅಂತ ಸಾವಿರಾರು ರೂಪಾಯಿ ಸುರಿಯುತ್ತಾನೆ.

ಹಾಗಂತ ಎದೆನೋವನ್ನು ‘ಟೆನ್ಷನ್ನು’, ‘ಗ್ಯಾಸು’ ಅಂತ ಮನೆಯಲ್ಲೇ ತೀರ್ಮಾನಿಸಿ ಸೋಡಾ ಕುಡಿದು ಮಲಗೋದು ಇನ್ನೂ ಅಪಾಯ. ಎರಡರ ಲಕ್ಷಣವೂ ಒಂದೇ ಥರ ಇರೋದ್ರಿಂದ ಪರೀಕ್ಷೆ ಆಗಲೇಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ, ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಕೂಡ ಉಚಿತ.

ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಹೃದಯಾಘಾತಕ್ಕೆ ಒಂಬತ್ತು ಮುಖ್ಯ ಕಾರಣ ಗುರುತಿಸಿತು. ಧೂಮಪಾನ, ಬಿಪಿ, ಶುಗರ್ ಜತೆಗೆ ಮಾನಸಿಕ ಒತ್ತಡವೂ ಆ ಪಟ್ಟಿಯಲ್ಲಿದೆ. ಇದು ಅರ್ಥವಾಗೋಕೆ ಪೇಟೆ ಬೀದಿ ಸಾಕು. ಬೆಳಗ್ಗೆ ಎಂಟಕ್ಕೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸೋ ಅಂಗಡಿಯವರು ಮಧ್ಯಾಹ್ನದ ಊಟ ಮಾಡೋದು ಮೂರೂವರೆಗೆ. ಉದ್ರಿ ವಸೂಲಿಯಾಗಲ್ಲ, ಚೀಟಿ ಕಂತು ನಿಲ್ಲಲ್ಲ, ಗಿರಾಕಿ ಆನ್‌ಲೈನ್ ಪಾಲು. ನಿದ್ದೆ ಹೋಯಿತು, ಸಿಗರೇಟು ಜಾಸ್ತಿಯಾಯಿತು, ಬಿಪಿ ಮಾತ್ರೆ ಮರೆತೇಹೋಯಿತು. ಆಮೇಲೆ ಶುಗರ್ 300 ತೋರಿಸಿದಾಗ ಡಾಕ್ಟರು ಮಾತ್ರೆ ಹೆಚ್ಚಿಸುತ್ತಾರೆ, ‘ನಿದ್ದೆ ಬರುತ್ತಾ?’ ಅಂತ ಕೇಳೋದು ಕಡಿಮೆ. ಒಂದೇ ಬೆಳಗ್ಗೆ ನೂರಾರು ಒಪಿಡಿ ಚೀಟಿ ಮುಗಿಸಬೇಕಾದವರನ್ನು ಪೂರ್ತಿ ದೂರಲೂ ಆಗದು.

ಹೃದಯಾಘಾತದಿಂದ ಬದುಕಿ ಬಂದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಸ್ಟೆಂಟ್ ಹಾಕಿಸಿಕೊಂಡು ಬಂದ ಯಜಮಾನರು ಮಾತಾಡಲ್ಲ, ಸಿಡುಕುತ್ತಾರೆ, ವಾಕಿಂಗ್ ಹೋಗಲ್ಲ ಅಂದರೆ ಮನೆಯವರು ‘ವಯಸ್ಸಾಯ್ತು’ ಅಂತ ಸುಮ್ಮನಾಗುತ್ತಾರೆ. ಖಿನ್ನತೆ ಇದ್ದವರು ಮಾತ್ರೆ ಬಿಡೋದು ಹೆಚ್ಚು, ಮತ್ತೆ ಹೃದಯಾಘಾತದ ಅಪಾಯವೂ ಹೆಚ್ಚು.

ವ್ಯವಸ್ಥೆ ಇಲ್ಲವೇ ಅಂದ್ರೆ, ಕಾಗದದ ಮೇಲೆ ಇದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗಬೇಕು. ಟೆಲಿ-ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೊರತೆ ಇರೋದು ಇಸಿಜಿ ಕೊಠಡಿಗೂ ಮಂಗಳವಾರದ ಕೊಠಡಿಗೂ ನಡುವೆ. ‘ಹೃದಯ ಸರಿಯಿದೆ, ಮಂಗಳವಾರ ಬಂದು ಇವರನ್ನು ಕಾಣಿ’ ಅಂತ ಒಪಿಡಿ ಚೀಟಿಯಲ್ಲಿ ಒಂದು ಸಾಲು ಬರೆದರೆ ಸರ್ಕಾರಕ್ಕೆ ಹೊಸ ಬಜೆಟ್ಟೇನೂ ಬೇಡ. ವರ್ತಕರ ಸಂಘಗಳು ನಡೆಸುವ ಉಚಿತ ತಪಾಸಣಾ ಶಿಬಿರಗಳಲ್ಲೂ ಬಿಪಿ, ಶುಗರ್ ಟೇಬಲ್ ಪಕ್ಕ ಆಪ್ತಸಮಾಲೋಚಕರಿಗೊಂದು ಕುರ್ಚಿ ಹಾಕಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗಕ್ಕೆ ಮೊದಲೇ ಒಂದು ಮನವಿ ಪತ್ರ ಕೊಟ್ಟು ಕೇಳಿ ನೋಡಬೇಕಷ್ಟೆ.